ಕೋಲು ನೋಡಿ ಬಾರಿಸಿದ ಗಿಟಾರ್

“ಲಯ ಅನ್ನೋದು ರಕ್ತದಲ್ಲೇ ಬರಬೇಕು ಕಣ್ರೀ” ಎಂಬ ಮಾತು ಕೇಳಿದರೆ ನನಗೆ ರೇಗುತ್ತದೆ. ಹಾಗೆಂದವರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಅಮೆರಿಕದ ಗಾಯಕ ಓಟಿಸ್ ರೆಡಿಂಗ್‌ನ 1965ರ ‘ಓಟಿಸ್ ಬ್ಲೂ’ ಆಲ್ಬಮ್ ಹಚ್ಚುತ್ತೇನೆ. ನಾಲ್ಕು ಪೆಟ್ಟಿನ ತಾಳದಲ್ಲಿ ಎರಡನೇ, ನಾಲ್ಕನೇ ಪೆಟ್ಟಿಗೆ ‘ಚಕ್’ ಅನ್ನುತ್ತದಲ್ಲ, ಅದು ಡ್ರಮ್ಮೋ ಗಿಟಾರೋ? ಹೆಚ್ಚಿನವರು ತಡವರಿಸುತ್ತಾರೆ. ಎರಡೂ ಹೌದು. ಡ್ರಮ್ ಬಾರಿಸಿದ ಆಲ್ ಜಾಕ್ಸನ್ ಕರಿಯ. ಗಿಟಾರಿನ ಸ್ಟೀವ್ ಕ್ರಾಪರ್ ಬಿಳಿಯ, ಆಗಿನ್ನೂ 23ರ ಹುಡುಗ. ಯಾರ ರಕ್ತ ಅನ್ನೋಣ?

ಇದೆಲ್ಲ ನಡೆದದ್ದು ಅಮೆರಿಕದ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ. ಅದು ಹಳೆಯ ಸಿನಿಮಾ ಟಾಕೀಸು. ಕುರ್ಚಿ ಕಿತ್ತಿದ್ದರೂ ನೆಲದ ಇಳಿಜಾರು ಹಾಗೇ ಇತ್ತು. ವಾದಕರು ಅಲ್ಲಿ ಹೆಡ್‌ಫೋನ್ ಇಲ್ಲದೆ, ಅಷ್ಟಷ್ಟು ದೂರ ಕೂತು ನುಡಿಸುತ್ತಿದ್ದರು.

ಈಗ ಲೆಕ್ಕಕ್ಕೆ ಬನ್ನಿ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕೂತವರಿಗೆ ಬ್ಯಾಟು ಚೆಂಡಿಗೆ ತಾಗಿದ್ದು ಮೊದಲು ಕಾಣುತ್ತದೆ, ‘ಟಕ್’ ಆಮೇಲೆ ಕೇಳುತ್ತದೆ. ಡ್ರಮ್ ಕೇಳಿದ ಮೇಲೆ ತಂತಿ ಮೀಟುವವನು ತಡವಾಗಿಯೇ ಮೀಟುತ್ತಾನೆ; ಸದ್ದು ಬರುವ ಹೊತ್ತಿಗೆ ಕೈ ಚಲಿಸುವ ಹೊತ್ತೂ ಕೂಡುತ್ತದೆ. ಕ್ರಾಪರ್ ಕೇಳಲಿಕ್ಕೆ ಕಾಯಲಿಲ್ಲ, ಜಾಕ್ಸನ್‌ನ ಎಡಗೈ ಕೋಲು ಇಳಿಯುವುದನ್ನು ನೋಡುತ್ತಿದ್ದ. ಒಂದೇ ಒರಳಲ್ಲಿ ಇಬ್ಬರು ಒನಕೆ ಹಾಕುವಾಗ ಸದ್ದಿಗೆ ಕಾಯುತ್ತಾರೆಯೇ? ಕೈ ನೋಡುತ್ತಾರೆ. ಕಾದರೆ ಒನಕೆಗೆ ಒನಕೆ ಬಡಿಯುತ್ತದೆ. ಸುಮಾರು 20 ಮಿಲಿಸೆಕೆಂಡಿನೊಳಗೆ ಬಿದ್ದ ಎರಡು ಸದ್ದಿನಲ್ಲಿ ಯಾವುದು ಮೊದಲೆಂದು ಹೇಳುವುದು ಕಿವಿಗೆ ಕಷ್ಟ. ಬೆಲ್ಲ ಕರಗಿದ ಪಾನಕದಲ್ಲಿ ಬೆಲ್ಲವನ್ನು ಬೇರೆಯಾಗಿ ತೋರಿಸಲಾಗದ ಹಾಗೆ ತಂತಿಯೂ ಚರ್ಮವೂ ಸೇರಿ ಒಂದೇ ವಾದ್ಯವಾಗುತ್ತವೆ.

ಇನ್ನೊಂದು ಕುಶಲತೆಯಿದೆ. ಆ ಜೋಡಿ ಪೆಟ್ಟು ಬೇಕೆಂದೇ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಅದರ ಸುಳಿವು ಸಿಕ್ಕಿದ್ದು ಒಂದು ಕುಣಿತದಿಂದ. ಅದೇ 1965ರ ಮೇನಲ್ಲಿ ಗಾಯಕ ವಿಲ್ಸನ್ ಪಿಕೆಟ್‌ನ ಹಾಡು ಮಾಡುವಾಗ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಸ್ಟುಡಿಯೋದಲ್ಲೇ ಕುಣಿದು, ಹುಡುಗರು ಈಗ ಎಲ್ಲಿ ಒತ್ತು ಕೊಟ್ಟು ಕುಣಿಯುತ್ತಾರೆಂದು ತೋರಿಸಿದ್ದ. ನಿಮಿಷಕ್ಕೆ 110 ಪೆಟ್ಟಿನ ಹಾಡಾದರೆ ಎರಡು ಪೆಟ್ಟಿನ ನಡುವೆ ಸುಮಾರು 545 ಮಿಲಿಸೆಕೆಂಡು. ಅದರಲ್ಲಿ ಚೂರು ಜಾರಿದರೆ ತಪ್ಪು ಅನ್ನಿಸುವುದಿಲ್ಲ, ಭಾರ ಅನ್ನಿಸುತ್ತದೆ. ತಪ್ಪು ಅನ್ನಿಸುವುದು ಒಬ್ಬನೇ ಜಾರಿದಾಗ.

ಆಲ್ಬಮ್‌ನ ಬಹುಪಾಲು ಮುಗಿದದ್ದು ಜುಲೈನಲ್ಲಿ, ಸುಮಾರು ಒಂದು ಹಗಲು ಒಂದು ರಾತ್ರಿಯಲ್ಲಿ. ಅದರ ನಡುವೆಯೇ ವಾದಕರು ಊರಿನ ಕ್ಲಬ್ಬುಗಳಲ್ಲಿ ನುಡಿಸಿ, ಬೆಳಗಿನ ಜಾವ ಎರಡಕ್ಕೆ ವಾಪಸು ಬಂದರು! ಧ್ವನಿಮುದ್ರಣಕ್ಕೆ ನ್ಯೂಯಾರ್ಕಿನಿಂದ ಬಂದ ಟಾಮ್ ಡೌಡ್, ಹಿಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಣುಬಾಂಬ್ ಯೋಜನೆಗೆ ದುಡಿದವನು. ಪರಮಾಣು ಬಿಟ್ಟು ಪದ್ಯ ಹಿಡಿದ ಆ ಪುಣ್ಯಾತ್ಮನ ಬಗ್ಗೆ ಬೇರೆಯೇ ಬರೆಯಬೇಕು.

ಆ ಗಡಿಬಿಡಿಯಲ್ಲೇ ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರು ಹಿಂದಿನ ತಿಂಗಳಷ್ಟೇ ಅಮೆರಿಕದಲ್ಲಿ ಹೊರತಂದಿದ್ದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡನ್ನೂ ಎತ್ತಿಕೊಂಡರು. ಅದರ ಪ್ರಸಿದ್ಧ ಗಿಟಾರ್ ವರಸೆಯನ್ನು ಮೆಂಫಿಸ್‌ನವರು ಟ್ರಂಪೆಟ್, ಸ್ಯಾಕ್ಸೋಫೋನುಗಳ ಬಾಯಿಗೆ ಹಾಕಿದರು. ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಆ ವರಸೆ ಕಟ್ಟುವಾಗ ಮನಸ್ಸಿನಲ್ಲಿದ್ದದ್ದೂ ಊದುವ ವಾದ್ಯಗಳೇ.