ಓದುಗರ ಪ್ರಶ್ನೆ: ಮಗಳ ಟೂರ್ನಮೆಂಟ್‌ಗಾಗಿ ಊರೂರು ಅಲೆಯಬೇಕಾ?

ಪ್ರಶ್ನೆ: ನಾವು ಗದಗಿನ ಕಡೆಯವರು, ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ಇದ್ದೇವೆ. ಮಗಳಿಗೆ ಹನ್ನೊಂದು ವರ್ಷ, ಬ್ಯಾಡ್ಮಿಂಟನ್ ಚೆನ್ನಾಗಿ ಆಡುತ್ತಾಳೆ. ಇನ್ನು ಮೇಲೆ ನಾಗಪುರ, ನಾಸಿಕ, ಆಮೇಲೆ ಬೇರೆ ರಾಜ್ಯದ ಟೂರ್ನಮೆಂಟ್‌ಗೂ ಕರೆದುಕೊಂಡು ಹೋಗಿ ಅಂತ ಕೋಚ್ ಹೇಳುತ್ತಿದ್ದಾರೆ. ಲೆಕ್ಕ ಹಾಕಿದರೆ ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ. ಚಿಕ್ಕ ಮಗ ಒಂದನೇ ಕ್ಲಾಸು. ನಮ್ಮ ಮನೆಯವರು ಬೇಡ ಅನ್ನುತ್ತಾರೆ, ನನಗೆ ಅವಳ ಆಸೆಗೆ ಅಡ್ಡ ಬರಲು ಮನಸ್ಸಿಲ್ಲ. ಇಷ್ಟು ಖರ್ಚು ಮಾಡುವುದು ಸರಿನಾ? ಬೆಂಗಳೂರಿನಲ್ಲಿ ನಮ್ಮ ಅಣ್ಣನ ಮನೆ ಇದೆ. ಅಲ್ಲೇ ಬಿಟ್ಟು ಒಳ್ಳೆ ಅಕಾಡೆಮಿಗೆ ಸೇರಿಸಿದರೆ ಹೇಗೆ?

ಉತ್ತರ: ಈ ವರ್ಷ ಒಂದೂವರೆ ಲಕ್ಷ ಬೇಡ. ಪುಣೆಯೊಳಗೆ ಸಿಗುವ ಟೂರ್ನಮೆಂಟ್‌ಗಳನ್ನೆಲ್ಲ ಆಡಿಸಿ. ಹೊರಗೆ ಒಂದೋ ಎರಡೋ ಸಾಕು.

ಯಾಕೆ ಅಂದರೆ, ಜೂನಿಯರ್ ಟೂರ್ನಮೆಂಟ್‌ಗಳು ಬಹುತೇಕ ನಾಕೌಟ್, ಒಂದು ಸಲ ಸೋತರೆ ಹೊರಗೆ. ಯಾರ ಮೇಲೆ ಯಾರು ಅನ್ನುವ ಪಟ್ಟಿ, ಅಂದರೆ ಡ್ರಾ, 64 ಮಕ್ಕಳದು ಅಂತ ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲೇ 32 ಮಕ್ಕಳು ಮನೆಗೆ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ 48 ಮಕ್ಕಳು ಹೊರಗೆ. ಇಡೀ ಟೂರ್ನಮೆಂಟ್‌ನಲ್ಲಿ ನಡೆಯುವುದು 63 ಮ್ಯಾಚು. ಹಂಚಿ ನೋಡಿದರೆ ಒಂದು ಮಗುವಿನ ಪಾಲಿಗೆ ಎರಡು ಮ್ಯಾಚೂ ಪೂರ್ತಿ ಬರುವುದಿಲ್ಲ. ಗೆದ್ದ ಹುಡುಗಿ ಆರು ಆಡಿರುತ್ತಾಳೆ, ಅರ್ಧ ಮಕ್ಕಳು ಒಂದೇ ಒಂದು.

ಈಗ ನಾಗಪುರದ ಖರ್ಚು ನೋಡೋಣ. ಮಗಳು ಮತ್ತು ನೀವು, ಇಬ್ಬರೇ. ಐದು ವರ್ಷ ದಾಟಿದ ಮಗುವಿಗೆ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ಟಿಕೆಟ್ಟೇ ತೆಗೆಯಬೇಕು, ಅರ್ಧ ಟಿಕೆಟ್ಟಿನ ಕಾಲ ಹೋಯಿತು. ಥರ್ಡ್ ಎಸಿಯಲ್ಲಿ ಹೋಗಿ ಬರುವುದು, ಮೂರು ರಾತ್ರಿ ಲಾಡ್ಜು, ಆಟೋ, ಊಟ, ಎಂಟ್ರಿ ಫೀಸು, ಕೋಚ್ ಜೊತೆಗೆ ಬಂದರೆ ಅವರ ಖರ್ಚಿನ ಪಾಲು. ಎಷ್ಟು ಬಿಗಿ ಹಿಡಿದರೂ ಹದಿನಾಲ್ಕು ಹದಿನೈದು ಸಾವಿರ ಆಗೇ ಆಗುತ್ತದೆ. ಎರಡು ಮ್ಯಾಚ್ ಸಿಕ್ಕರೆ ಒಂದೊಂದಕ್ಕೆ ಏಳು ಸಾವಿರ ಬಿತ್ತು. ಮೊದಲ ಸುತ್ತಲ್ಲೇ ಸೋತರೆ ಅರ್ಧ ಗಂಟೆಯ ಆಟಕ್ಕೆ ಹದಿನಾಲ್ಕು ಸಾವಿರ.

ಅದೇ ದುಡ್ಡಿಗೆ ಇಲ್ಲಿ ಏನೇನು ಬರುತ್ತದೆ ಅಂತ ಯೋಚಿಸಿ. ಕೆಲವು ತಿಂಗಳು ವಾರಕ್ಕೊಂದು ಪರ್ಸನಲ್ ಕೋಚಿಂಗ್ ಕೊಡಿಸಬಹುದು. ಇಲ್ಲವೇ ಒಳ್ಳೆ ಗರಿಯ ಷಟಲ್ ಡಬ್ಬಿಗಳು. ಒಂದು ಷಟಲ್‌ಗೆ ಹದಿನಾರು ಗರಿ, ಬಾತುಕೋಳಿಯದೋ ಹೆಬ್ಬಾತಿನದೋ. ಈಚೆಗೆ ಗರಿಗೇ ಬರ ಬಂದು ಡಬ್ಬಿಯ ಬೆಲೆ ಸಿಕ್ಕಾಪಟ್ಟೆ ಏರಿದೆ. ಹಾಗಾಗಿ ಎಷ್ಟೋ ಕಡೆ ದಿನದ ಪ್ರಾಕ್ಟೀಸು ಪ್ಲಾಸ್ಟಿಕ್ ಷಟಲ್‌ನಲ್ಲೋ, ಗರಿ ಮುರಿದ ಹಳೇ ಷಟಲ್‌ನಲ್ಲೋ ನಡೆಯುತ್ತದೆ. ಟೂರ್ನಮೆಂಟ್‌ನಲ್ಲಿ ಹೊಸ ಗರಿ ಷಟಲ್ ಬಂದಾಗ ಮಗು ತಡಕಾಡುತ್ತದೆ. ಮೆಲ್ಲಗೆ ಹಾಕಿದ ಡ್ರಾಪ್ ನೆಟ್ಟಿಗೆ ಬೀಳುತ್ತದೆ, ಎತ್ತರಕ್ಕೆ ಹೊಡೆದ ಟಾಸ್ ಬ್ಯಾಕ್‌ಲೈನ್ ದಾಟುತ್ತದೆ. ಆಗ ನಾವು 'ಎಕ್ಸ್‌ಪೋಷರ್ ಸಾಲದು' ಅಂತ ಇನ್ನೊಂದು ಊರಿನ ಟಿಕೆಟ್ ಮಾಡುತ್ತೇವೆ. ಅವಳಿಗೆ ಬೇಕಾಗಿದ್ದದ್ದು ಹೊಸ ಷಟಲ್ ಡಬ್ಬಿ.

ಟೂರ್ನಮೆಂಟ್ ಅಂದರೆ ಪರೀಕ್ಷೆ. ಪಾಠ ನಡೆಯುವುದು ದಿನಾ ಆಡುವ ಕೋರ್ಟಿನಲ್ಲಿ. ಇಷ್ಟೇ ನನ್ನ ವಾದ. ಉಳಿದದ್ದೆಲ್ಲ ಇದರ ಸುತ್ತಲಿನ ಲೆಕ್ಕ.

ಪುಣೆಯಲ್ಲಿರುವವರಿಗೆ ಒಂದು ಅನುಕೂಲ ಇದೆ, ಇಲ್ಲಿದ್ದೂ ಇದ್ದೂ ನಮಗೆ ಅದು ಕಾಣುವುದಿಲ್ಲ. ಬ್ಯಾಡ್ಮಿಂಟನ್‌ಗೆ ಮೊದಲು ನಿಯಮ ಬರೆದ ಊರೇ ಇದು. 1870ರ ದಶಕದಲ್ಲಿ ಇಲ್ಲಿನ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಈ ಆಟಕ್ಕೆ 'ಪೂನಾ' ಅಂತಲೇ ಹೆಸರಿತ್ತು. ಅದಿರಲಿ. ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಬಾಲೇವಾಡಿ ಕ್ರೀಡಾ ಸಂಕೀರ್ಣ 1994ರ ನ್ಯಾಷನಲ್ ಗೇಮ್ಸ್‌ಗಾಗಿ ಕಟ್ಟಿದ್ದು. 2008ರಲ್ಲಿ ವಿಶ್ವ ಜೂನಿಯರ್ ಬ್ಯಾಡ್ಮಿಂಟನ್ ಪುಣೆಯಲ್ಲೇ ನಡೆಯಿತು, ಸೈನಾ ನೆಹ್ವಾಲ್ ಗೆದ್ದದ್ದು ಇಲ್ಲೇ. ಬೇರೆ ಊರಿನವರು ದುಡ್ಡು ಸುರಿದು ಬಂದು ಆಡುವ ಜಾಗಕ್ಕೆ ನೀವು ಡಬ್ಬಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋಗಬಹುದು. ಜಿಲ್ಲಾ ಟೂರ್ನಮೆಂಟ್, ಶಾಲಾ ಮಟ್ಟದ್ದು, ಕ್ಲಬ್‌ಗಳದ್ದು ಸೇರಿದರೆ ಹನ್ನೊಂದು ವರ್ಷದ ಹುಡುಗಿಗೆ ಧಾರಾಳ.

ಹಾಗಾದರೆ ಹೊರಗೆ ಹೋಗುವುದು ಯಾವಾಗ? ನಾನು ಇಟ್ಟುಕೊಳ್ಳುವ ಗೆರೆ ಇದು. ಜಿಲ್ಲಾ ಮಟ್ಟದಲ್ಲಿ ಒಂದು ಸಲ ಅಲ್ಲ, ಮತ್ತೆ ಮತ್ತೆ ಕ್ವಾರ್ಟರ್ ಫೈನಲ್ ಮುಟ್ಟುತ್ತಿದ್ದಾಳೆ ಅಂದರೆ ರಾಜ್ಯ ಟೂರ್ನಮೆಂಟ್‌ಗೆ ಕರೆದುಕೊಂಡು ಹೋಗಿ. ರಾಜ್ಯದಲ್ಲೂ ಹಾಗೇ ಆಗತೊಡಗಿದರೆ ಬೇರೆ ರಾಜ್ಯ. ಅಷ್ಟು ಹೊತ್ತಿಗೆ ಇಲ್ಲಿ ಅವಳಿಗೆ ಸರಿಸಾಟಿ ಮಕ್ಕಳು ಕಡಿಮೆಯಾಗಿರುತ್ತಾರೆ. ಆಗ ಪ್ರಯಾಣಕ್ಕೆ ಅರ್ಥ ಇದೆ, ಖರ್ಚಿಗೂ ಇದೆ.

ದುಡ್ಡಿನ ಲೆಕ್ಕ ಹೇಗೋ ಹಾಕಬಹುದು. ಸಿಕ್ಕಿಕೊಳ್ಳುವುದು ಬೇರೆ ಕಡೆ. ಹೋಗುವ ಟಿಕೆಟ್ ಸುಲಭ, ಬರುವ ಟಿಕೆಟ್ ಯಾವತ್ತಿಗೆ ಮಾಡುತ್ತೀರಿ? ರೈಲ್ವೆ ಬುಕಿಂಗ್ ತೆರೆಯುವುದು 60 ದಿನ ಮೊದಲು, ಡ್ರಾ ಬರುವುದು ಟೂರ್ನಮೆಂಟ್ ಹತ್ತಿರ ಬಂದ ಮೇಲೆ. ಫೈನಲ್ ದಿನಕ್ಕೆ ಟಿಕೆಟ್ ಮಾಡಿದರೆ, ಮೊದಲ ದಿನವೇ ಸೋತ ಮಗುವನ್ನು ಗೊತ್ತಿಲ್ಲದ ಊರಿನ ಲಾಡ್ಜಿನಲ್ಲಿ ಎರಡು ದಿನ ಕೂರಿಸಿಕೊಳ್ಳಬೇಕು. ಬೇಗ ಬರುವುದಕ್ಕೆ ಮಾಡಿದರೆ 'ಅಪ್ಪ-ಅಮ್ಮನಿಗೆ ನಾನು ಸೋಲುತ್ತೇನೆ ಅಂತ ಮೊದಲೇ ಗೊತ್ತಿತ್ತು' ಅಂತ ಮಗು ಅಂದುಕೊಳ್ಳುತ್ತದೆ. ಮಕ್ಕಳು ಟಿಕೆಟ್ಟಿನ ತಾರೀಖನ್ನೂ ಓದುತ್ತಾರೆ ಸ್ವಾಮಿ! ಸೋತ ಸಂಜೆ ತತ್ಕಾಲ್ ಬಗ್ಗೆ ಗಂಡ-ಹೆಂಡತಿ ಫೋನಿನಲ್ಲಿ ಜಗಳ ಆಡುತ್ತಾ ಇರುತ್ತಾರೆ. ಹುಡುಗಿ ಕಿಟ್ ಬ್ಯಾಗಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡಿರುತ್ತಾಳೆ, ಆದರೆ ನಿದ್ದೆ ಮಾಡಿರುವುದಿಲ್ಲ.

ಅಮೆರಿಕದಲ್ಲಿ ಈ ಊರೂರು ಅಲೆಯುವ ಮಕ್ಕಳ ಆಟ ದೊಡ್ಡ ಉದ್ಯಮವೇ ಆಗಿದೆ. ಅಲ್ಲಿನ ಯೂಟಾ ಸ್ಟೇಟ್ ಯೂನಿವರ್ಸಿಟಿಯ ಟ್ರಾವಿಸ್ ಡಾರ್ಶ್ ಮತ್ತು ಅವರ ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಯ ಆದಾಯದಲ್ಲಿ ಎಷ್ಟು ಪಾಲು ಮಗುವಿನ ಆಟಕ್ಕೆ ಹೋಗುತ್ತದೋ, ಅಷ್ಟೂ ಮಗುವಿಗೆ ಅಪ್ಪ-ಅಮ್ಮನ ಒತ್ತಡ ಜಾಸ್ತಿ ಅನಿಸುತ್ತದೆ, ಆಟದ ಖುಷಿ ಕಡಿಮೆಯಾಗುತ್ತದೆ ಅನ್ನುವುದು ಅದರ ಸಾರ. ನಾವು ಬಾಯಿಬಿಟ್ಟು ಏನೂ ಅನ್ನದೇ ಇರಬಹುದು. ಆದರೆ 'ಈ ಸಲ ದೀಪಾವಳಿಗೆ ಊರಿಗೆ ಹೋಗೋದು ಬೇಡ, ಖರ್ಚಾಗಿದೆ' ಅಂದ ಕೂಡಲೇ ಅವಳಿಗೆ ಗೊತ್ತಾಗುತ್ತದೆ, ಅಲ್ವಾ?

ಅದಕ್ಕೇ ಒಂದು ಮಾತು. ವರ್ಷದ ಶುರುವಿನಲ್ಲೇ ನೀವಿಬ್ಬರೂ ಕೂತು, ಹೋದರೂ ಬೇಜಾರಿಲ್ಲ ಅನ್ನುವಂಥ ಒಂದು ಮೊತ್ತ ಗಟ್ಟಿ ಮಾಡಿ. ಐವತ್ತು ಸಾವಿರವೋ ಅರವತ್ತೋ, ನಿಮ್ಮ ಮನೆಗೆ ಹೊಂದುವಷ್ಟು. ಅದು ವಾಪಸ್ ಬರುವ ದುಡ್ಡಲ್ಲ. ಸಾಲ ಮಾಡಬೇಡಿ, ಪಿಎಫ್ ಮುಟ್ಟಬೇಡಿ. ಚಿಕ್ಕ ಮಗನ ವಿಷಯವನ್ನೂ ಅಲ್ಲೇ ಮಾತಾಡಿ. ಒಂದನೇ ಕ್ಲಾಸಿನ ಹುಡುಗ ಪ್ರತಿ ಶನಿವಾರ-ಭಾನುವಾರ ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಾನೆ ಅಂದರೆ ಅದೂ ಖರ್ಚೇ. ಕೋಚ್ ಕೊಡುವ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಹಾಗಂತ ಲಾಭವೇ ಇಲ್ಲ ಅನ್ನುತ್ತಿಲ್ಲ. ಹೊರಗೆ ಹೋದ ಮಕ್ಕಳು ಬೇಗ ಬಲಿಯುತ್ತಾರೆ. ತನ್ನ ಬ್ಯಾಗು ತಾನೇ ಹೊರುವುದು, ಮೈಕಿನಲ್ಲಿ ಹೆಸರು ಕೂಗಿದಾಗ ಒಬ್ಬಳೇ ಕೋರ್ಟಿಗೆ ಹೋಗುವುದು, ಅಂಪೈರ್ ತಪ್ಪು ಕೊಟ್ಟರೂ ಮುಂದಿನ ಸರ್ವೀಸ್‌ಗೆ ನಿಲ್ಲುವುದು, ಇದನ್ನೆಲ್ಲ ಮನೆಯಲ್ಲಿ ಕಲಿಸಲಾಗುವುದಿಲ್ಲ. ಬೇರೆ ಜಿಲ್ಲೆಯ ಹುಡುಗಿಯರ ಜೊತೆ ಸ್ನೇಹ ಆಗುತ್ತದೆ. ಇನ್ನು ರೈಲಿನ ರಾತ್ರಿ! ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಅಮ್ಮ-ಮಗಳು ಇಬ್ಬರೇ ಕೂತು ಮಾತಾಡುವ ಅಷ್ಟು ಹೊತ್ತು ಪುಣೆಯ ಟ್ರಾಫಿಕ್ಕಿನ ಬದುಕಿನಲ್ಲಿ ಎಲ್ಲಿ ಸಿಗಬೇಕು? ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಅದೇ ದೊಡ್ಡ ಲಾಭ. ಅದಕ್ಕೆ ವರ್ಷಕ್ಕೆ ಎರಡು ಟ್ರಿಪ್ ಸಾಕು.

ಮುಂಬೈಗೆ ಕಾರಿನಲ್ಲಿ ಹೋಗಿ ಬರುವುದಾದರೆ ಒಂದು ಕಟ್ಟುಪಾಡು ಮಾಡಿಕೊಳ್ಳಿ. ವಾಪಸ್ ಬರುವಾಗ ತಳೇಗಾಂವ್ ಟೋಲ್ ಬರುವ ತನಕ ಮ್ಯಾಚಿನ ಸುದ್ದಿ ಎತ್ತಬಾರದು, ಅವಳೇ ಎತ್ತಿದರೆ ಬೇರೆ. 'ಆ ಬ್ಯಾಕ್‌ಹ್ಯಾಂಡ್ ಯಾಕೆ ಹಾಗೆ ಹೊಡೆದೆ' ಅಂತ ಘಾಟ್ ಹತ್ತುವಾಗ ಶುರುವಾದ ಮಾತು ಮನೆ ಮುಟ್ಟುವಷ್ಟರಲ್ಲಿ 'ಮ್ಯಾಥ್ಸ್ ಮಾರ್ಕ್ಸ್ ನೋಡು' ಅನ್ನುವಲ್ಲಿಗೆ ಬಂದಿರುತ್ತದೆ.

ಮಾರ್ಕ್ಸ್ ಅಂದಾಗ ನೆನಪಾಯಿತು. ಮಹಾರಾಷ್ಟ್ರ ಬೋರ್ಡಿನಲ್ಲಿ ಹತ್ತು, ಹನ್ನೆರಡನೇ ತರಗತಿಯ ಕ್ರೀಡಾ ಮಕ್ಕಳಿಗೆ ಆಡಿದ ಮಟ್ಟ ನೋಡಿ ಗರಿಷ್ಠ 25ರವರೆಗೆ ಗ್ರೇಸ್ ಮಾರ್ಕ್ಸ್ ಇದೆ. ರಾಜ್ಯ ಸರ್ಕಾರದ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 5 ಮೀಸಲು ಇದೆ. ರೈಲ್ವೆಯಲ್ಲೂ ಸ್ಪೋರ್ಟ್ಸ್ ಕೋಟಾ ಇದೆ. ಐಐಟಿ ಮದ್ರಾಸ್ 2024ರಿಂದ ಕ್ರೀಡಾಪಟುಗಳಿಗೆ ಸೀಟು ಇಟ್ಟಿದೆ, ಆದರೆ ಜೆಇಇ ಅಡ್ವಾನ್ಸ್ಡ್ ಪಾಸಾಗಲೇಬೇಕು. ಇವೆಲ್ಲ ನಿಜವಾದ ಅನುಕೂಲಗಳೇ. ಆದರೆ ಎಲ್ಲದಕ್ಕೂ ಮಾನ್ಯತೆ ಇರುವ ಟೂರ್ನಮೆಂಟಿನ ಸರ್ಟಿಫಿಕೇಟೇ ಬೇಕು. ದೊಡ್ಡ ಟ್ರೋಫಿ, ಬಣ್ಣದ ಫ್ಲೆಕ್ಸು, ಕ್ಯಾಶ್ ಪ್ರೈಜ್ ಇಟ್ಟು ಖಾಸಗಿಯವರು ನಡೆಸುವ 'ಆಲ್ ಇಂಡಿಯಾ ಓಪನ್'ಗಳ ಕಾಗದ ಇಲ್ಲಿ ನಡೆಯುವುದಿಲ್ಲ. ಎಂಟ್ರಿ ಕಟ್ಟುವ ಮೊದಲು ಜಿಲ್ಲಾ ಸಂಘದಲ್ಲೋ ಜಿಲ್ಲಾ ಕ್ರೀಡಾಧಿಕಾರಿ ಕಚೇರಿಯಲ್ಲೋ ಒಂದು ಮಾತು ಕೇಳಿ.

ಮೈಯ ವಿಷಯವನ್ನೂ ಮರೆಯಬೇಡಿ. ಬೆಳೆಯುವ ವಯಸ್ಸಿನಲ್ಲಿ ದಿನಾ ಒಂದೇ ಆಟ ಆಡಿದರೆ ಮೊಣಕಾಲು, ಹಿಮ್ಮಡಿ, ಭುಜ ಮೊದಲು ನೋಯುತ್ತವೆ. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಬಿಟ್ಟು ಬಿಟ್ಟು ಮೂರು ತಿಂಗಳು ಆ ಆಟದಿಂದ ದೂರ, ಒಂದೇ ಆಟಕ್ಕೆ ಅಂಟಿಕೊಳ್ಳುವುದು ಹದಿನೈದು ಹದಿನಾರರ ಹೊತ್ತಿಗೆ. ಇದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2016ರ ಸಲಹೆ. ವಾರಕ್ಕೆ ಆಡುವ ಗಂಟೆ ಮಗುವಿನ ವಯಸ್ಸನ್ನು ದಾಟಬಾರದು ಅನ್ನುವ ಇನ್ನೊಂದು ಲೆಕ್ಕವೂ ಬಳಕೆಯಲ್ಲಿದೆ. ನಿಮ್ಮವಳಿಗೆ ಹನ್ನೊಂದು ಗಂಟೆ. ನಮ್ಮ ಅಕಾಡೆಮಿಗಳ ಟೈಮ್‌ಟೇಬಲ್ ನೋಡಿದರೆ ನಗು ಬರಬಹುದು, ಆದರೂ ತಲೆಯಲ್ಲಿರಲಿ. ಇನ್ನೊಂದು, ಹನ್ನೊಂದರ ಹುಡುಗಿ 13ರ ಒಳಗಿನ ವಿಭಾಗದಲ್ಲಿ ತನಗಿಂತ ಒಂದು ಗೇಣು ಎತ್ತರದವರ ಜೊತೆ ಆಡುತ್ತಾಳೆ. ಅದರಲ್ಲಿ ವಯಸ್ಸು ಕದ್ದು ಆಡುವವರೂ ಸೇರಿರುತ್ತಾರೆ, ಇದು ನಮ್ಮ ಜೂನಿಯರ್ ಆಟಗಳ ಹಳೇ ರೋಗ. ಈ ವಯಸ್ಸಿನ ಸೋಲು-ಗೆಲುವು ನೋಡಿ ಅವಳ ಮುಂದಿನದನ್ನು ಅಳೆಯಬೇಡಿ.

ದುಡ್ಡು ಸುರಿದರೆ ಮಾತ್ರ ಮೇಲೆ ಹೋಗಬಹುದು ಅನ್ನುವುದೂ ಪೂರ್ತಿ ನಿಜವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಮೇಷ್ಟರ ಮಗ. ರಾಜ್ಯ ಸರ್ಕಾರದ ಕ್ರೀಡಾ ತರಬೇತಿ ಶಾಲೆ 'ಕ್ರೀಡಾ ಪ್ರಬೋಧಿನಿ'ಯಲ್ಲಿ ತಯಾರಾದವರು, ಆಮೇಲೆ ರೈಲ್ವೆಯ ಟಿಕೆಟ್ ಕಲೆಕ್ಟರ್. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾಗೆ ಆಯ್ಕೆಯಾದರೆ ವರ್ಷಕ್ಕೆ 6.28 ಲಕ್ಷದವರೆಗೆ ನೆರವು ಇದೆ, ಅದರಲ್ಲಿ ತಿಂಗಳಿಗೆ 10,000 ಕೈಖರ್ಚಿಗೆ. ಈ ಬಾಗಿಲುಗಳು ತೆರೆಯುವುದು ಆಟದ ಮಟ್ಟ ನೋಡಿ. ಎಷ್ಟು ಊರು ಸುತ್ತಿದ್ದಾಳೆ ಅಂತ ಯಾರೂ ಕೇಳುವುದಿಲ್ಲ.

ಕೋಚ್‌ಗೆ ಏನು ಹೇಳುವುದು? ಅವರನ್ನು ಅನುಮಾನಿಸಬೇಡಿ, ಆದರೆ ಕೇಳಿ: 'ಸರ್, ಈ ಟೂರ್ನಮೆಂಟಿಂದ ಇವಳ ಆಟದಲ್ಲಿ ಏನು ನೋಡಬೇಕು ಅಂತಿದ್ದೀರಿ?' ಒಳ್ಳೆ ಕೋಚ್ ಹತ್ತಿರ ಉತ್ತರ ಇರುತ್ತದೆ. 'ಲೆಫ್ಟ್ ಹ್ಯಾಂಡರ್ಸ್ ಜೊತೆ ಆಡಲಿ', 'ಮೂರನೇ ಗೇಮಿಗೆ ದಮ್ಮು ಉಳಿಯುತ್ತಾ ನೋಡೋಣ', ಹೀಗೆ ಏನಾದರೂ. ಸುಮ್ನೆ 'ಎಲ್ಲರೂ ಹೋಗ್ತಿದ್ದಾರೆ' ಅಂದರೆ ಆ ಸಲ ಬಿಡಿ.

ಇನ್ನು ಬೆಂಗಳೂರು. ಪ್ರಕಾಶ್ ಪಡುಕೋಣೆ 1994ರಲ್ಲಿ ಅಕಾಡೆಮಿ ಶುರು ಮಾಡಿದಾಗಿನಿಂದ ಅಲ್ಲಿ ಬ್ಯಾಡ್ಮಿಂಟನ್ನಿನ ಗಟ್ಟಿ ನೆಲ ಇದೆ, ಸುಳ್ಳಲ್ಲ. ಆದರೆ ಹನ್ನೊಂದಕ್ಕೆ ಅಪ್ಪ-ಅಮ್ಮನನ್ನು ಬಿಟ್ಟು ಮಾವನ ಮನೆಯಲ್ಲಿರುವುದು ಬೇರೆ ಮಾತು. ಅತ್ತೆ ಎಷ್ಟೇ ಒಳ್ಳೆಯವರಿರಲಿ, ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವುದು ವರ್ಷಗಟ್ಟಲೆ ನಡೆಯುವ ಉಪಕಾರ ಅಲ್ಲ. ಶಾಲೆ ಬದಲಾಗುತ್ತದೆ. ರಾಜ್ಯ ಬದಲಿಸಿ ಆಡಲು ಸಂಘದ ಎನ್‌ಒಸಿ, ಅಂದರೆ 'ನಮ್ಮ ಅಭ್ಯಂತರ ಇಲ್ಲ' ಅನ್ನುವ ಪತ್ರ ಬೇಕು. ಕರ್ನಾಟಕದ ಪರ ಆಡಿದ ಮೇಲೆ ಮಹಾರಾಷ್ಟ್ರದ ಕೋಟಾ ಕೇಳುವುದು ಕಷ್ಟ. ಅವಳಿಗೆ ಹದಿಮೂರು ಆಗಲಿ, ಆಗಲೂ ಅವಳೇ ಕೇಳಿದರೆ ಯೋಚಿಸಿ. ಅಲ್ಲಿಯ ತನಕ ಬೇಸಿಗೆ ರಜೆಯಲ್ಲಿ ಎರಡು ಮೂರು ವಾರ ಅಣ್ಣನ ಮನೆಗೆ ಕಳಿಸಿ, ಅಲ್ಲೊಂದು ಸಮ್ಮರ್ ಕ್ಯಾಂಪಿಗೆ ಹಾಕಿ ನೋಡಿ. ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಮಾತ್ರ ಬುಕಿಂಗ್ ತೆರೆದ ದಿನವೇ ಮಾಡಿಬಿಡಿ, ಮೇ ತಿಂಗಳಲ್ಲಿ ಆಮೇಲೆ ಸಿಗುವುದಿಲ್ಲ.