ಸಂಚಿಯ ಮರಿ, ಮೊಟ್ಟೆಯ ಮರಿ

ಪರೀಕ್ಷೆಯಲ್ಲಿ ಪ್ರಾಣಿ ಮತ್ತು ಹಕ್ಕಿಯನ್ನು ಹೋಲಿಸಿ ಅನ್ನುವ ಪ್ರಶ್ನೆ ಬಂದರೆ ನಾವೆಲ್ಲ ಸುಮ್ನೆ ಎರಡು ಕಾಲಂ ಎಳೆದು, ಇಲ್ಲಿ ರೋಮ, ಅಲ್ಲಿ ಗರಿ ಅಂತ ಬರೆದುಬಿಡುತ್ತೇವೆ. ತಪ್ಪೇನಿಲ್ಲ, ಆದರೆ ಸಪ್ಪೆ. ಶುಗರ್ ಗ್ಲೈಡರ್ ಮತ್ತು ಬಣ್ಣದ ಕೊಕ್ಕರೆಯನ್ನು ಓದುವಾಗ ನಾನು ಒಂದೇ ಪ್ರಶ್ನೆ ಹಿಡಿದುಕೊಂಡೆ: ಮರಿ ಬೆಳೆಯಲು ಬೇಕಾದ ಊಟ ಎಲ್ಲಿಂದ ಬರುತ್ತದೆ?

ಶುಗರ್ ಗ್ಲೈಡರ್ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಆಸ್ಟ್ರೇಲಿಯಾದ ಕಡೆಯ ಪುಟ್ಟ ಪ್ರಾಣಿ, ತೂಕ ನೂರು ಗ್ರಾಂ ಚಿಲ್ಲರೆ. ಕೈಕಾಲಿನ ನಡುವಿನ ಚರ್ಮ ಬಿಡಿಸಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ನಮ್ಮ ಮಲೆನಾಡಿನ ಹಾರುಬೆಕ್ಕಿನ ಹಾಗೇ ಅಲ್ವಾ? ಎಡವುವುದು ಇಲ್ಲೇ. ಹಾರುಬೆಕ್ಕು ಅಳಿಲಿನ ಬಳಗ, ಅದಕ್ಕೆ ಹೊಟ್ಟೆಯ ಚೀಲ ಇಲ್ಲ. ನೆಂಟಸ್ತಿಕೆ ಇಲ್ಲದ ಎರಡು ಪ್ರಾಣಿಗಳು ಒಂದೇ ಉಪಾಯ ಕಂಡುಕೊಂಡಿವೆ, ಅಷ್ಟೇ. ಅಂದ ಹಾಗೆ, ಶುಗರ್ ಗ್ಲೈಡರ್ ತಿನ್ನುವುದು ಅಕೇಶಿಯಾದ ಅಂಟು, ನೀಲಗಿರಿಯ ರಸ. ಆ ಮರಗಳು ಶಿವಮೊಗ್ಗದ ನೆಡುತೋಪುಗಳಿಗೆ ಬಂದವು, ಪ್ರಾಣಿ ಅಲ್ಲೇ ಉಳಿಯಿತು.

ಇದರ ಮರಿ ಗರ್ಭದಲ್ಲಿ ಇರುವುದು ಸುಮಾರು 16 ದಿನ. ಹುಟ್ಟುವಾಗ ತೂಕ 0.2 ಗ್ರಾಂ. ಕಣ್ಣು ತೆರೆದಿರುವುದಿಲ್ಲ, ಹಿಂಗಾಲು ಬರೀ ಮೊಳಕೆ. ಮುಂಗಾಲು ಮಾತ್ರ ಗಟ್ಟಿ, ಏಕೆಂದರೆ ತಾಯಿಯ ರೋಮ ಹಿಡಿದು ಚೀಲದವರೆಗೆ ತಾನೇ ತೆವಳಬೇಕು. ಒಳಗೆ ಹೋಗಿ ಬಾಯಿ ಹಾಕಿದ ಮೇಲೆ ಮೊಲೆತೊಟ್ಟು ಊದಿಕೊಳ್ಳುತ್ತದೆ, ಮರಿ ಕಳಚಿ ಬೀಳುವುದಿಲ್ಲ. ಎರಡು ತಿಂಗಳಿಗೂ ಜಾಸ್ತಿ ಅಲ್ಲೇ ವಾಸ. ಮರಿ ಬೆಳೆದ ಹಾಗೆ ಹಾಲಿನ ಗುಣವೂ ಬದಲಾಗುತ್ತದೆ. ನಾನು ನೆನಪಿಟ್ಟುಕೊಂಡದ್ದು ಅಜ್ಜಿಯ ಎಲೆಅಡಿಕೆ ಸಂಚಿಯಿಂದ. ಸೊಂಟ ಬಿಟ್ಟು ಅದು ಕದಲುತ್ತಿರಲಿಲ್ಲ.

ಬಣ್ಣದ ಕೊಕ್ಕರೆಯದು ಬುತ್ತಿ ಕಟ್ಟುವ ಲೆಕ್ಕ. ಹೆಚ್ಚುಕಮ್ಮಿ ಒಂದು ಮೀಟರ್ ಎತ್ತರದ ಈ ಹಕ್ಕಿ, ಮರಿಗೆ ಬೇಕಾದ್ದನ್ನೆಲ್ಲ ಮೊಟ್ಟೆಯ ಹಳದಿ ಲೋಳೆಯಲ್ಲಿ ಮೊದಲೇ ತುಂಬಿಡುತ್ತದೆ. ಆಮೇಲೆ ಸುಮಾರು 30 ದಿನ ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. ಇಲ್ಲಿ ಅಪ್ಪನಿಗೂ ಕೆಲಸ ಇದೆ ಅನ್ನುವುದನ್ನು ಉತ್ತರದಲ್ಲಿ ಬಿಡಬೇಡಿ. ಮರಿ ಹೊರಬಂದ ಮೇಲೆ ಹಾಲಿಲ್ಲ, ಮೀನು. ದೊಡ್ಡವು ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸಿ, ಮೀನು ತಾಗಿದ ಕೂಡಲೇ ಮುಚ್ಚುತ್ತವೆ. ನುಂಗಿ ತಂದದ್ದನ್ನು ಗೂಡಿನಲ್ಲಿ ಕಕ್ಕುತ್ತವೆ. ಬಿಸಿಲೇರಿದರೆ ರೆಕ್ಕೆ ಬಿಡಿಸಿ ನೆರಳಾಗಿ ನಿಲ್ಲುತ್ತವೆ.

ಇವುಗಳ ಗೂಡು ನೋಡಲು ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿಗೆ ಹೋಗಬಹುದು. ಅಷ್ಟು ದೂರ ಯಾಕೆ ಅನ್ನುವವರು ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸು ಹತ್ತಿ ಮಂಡಗದ್ದೆಯಲ್ಲಿ ಇಳಿಯಿರಿ. ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿಗಳ ಗೂಡಿರುತ್ತವೆ. ಅವುಗಳದ್ದೂ ಇದೇ ಪದ್ಧತಿ. ಮರಿ ಅಪ್ಪನದೋ ಅಮ್ಮನದೋ ಕೊಕ್ಕು ಹಿಡಿದು ಜಗ್ಗುವುದು ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತದೆ.