ಸುಳಿವು ಒಂದು ಸಮೀಕರಣ: ಗಣಿತದ ಗೂಢ ಪದಬಂಧ ಬಿಡಿಸುವ ಟಿಪ್ಪಣಿ

ಮಾಮೂಲಿ ಪದಬಂಧದಲ್ಲಿ 'ವೃತ್ತದ ಅಂಚು' ಎಂದು ಕೊಟ್ಟಿದ್ದರೆ 'ಪರಿಧಿ' ಎಂದು ಬರೆದು ಮುಂದೆ ಹೋಗುತ್ತೇವೆ. ಅರ್ಥ ಗೊತ್ತಿದ್ದರೆ ಸಾಕು. ಗೂಢ ಪದಬಂಧದಲ್ಲಿ ಹಾಗಲ್ಲ. ಅಲ್ಲಿ ಒಂದೇ ಸುಳಿವಿನೊಳಗೆ ಎರಡು ದಾರಿ ಇರುತ್ತವೆ. ಒಂದು, ಉತ್ತರದ ನೇರ ಅರ್ಥ. ಇನ್ನೊಂದು, ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಆಟ. ಎರಡೂ ಒಂದೇ ಪದಕ್ಕೆ ಬಂದು ಸೇರಬೇಕು. ಎಡಬದಿ, ಬಲಬದಿ, ನಡುವೆ ಸಮ ಚಿಹ್ನೆ. ಆ ಸಮ ಚಿಹ್ನೆ ಎಲ್ಲಿದೆ ಅಂತ ಮಾತ್ರ ಹೇಳಿರುವುದಿಲ್ಲ. ಅದನ್ನು ಹುಡುಕುವುದೇ ಅರ್ಧ ಕೆಲಸ.

ಇಲ್ಲಿ ನಾನೇ ಕಟ್ಟಿದ ಕೆಲವು ಸುಳಿವುಗಳನ್ನು ಬಿಡಿಸಿ ತೋರಿಸುತ್ತೇನೆ. ಎಲ್ಲದರ ಉತ್ತರವೂ ಗಣಿತದ ಪದ. ಮೊದಲು ಮನೆಗಳ ಲೆಕ್ಕ ತಿಳಿದಿರಲಿ. ಆವರಣದಲ್ಲಿರುವ ಅಂಕಿ ಉತ್ತರದಲ್ಲಿ ಎಷ್ಟು ಅಕ್ಷರ ಎಂದು ಹೇಳುತ್ತದೆ. ಒತ್ತಕ್ಷರಕ್ಕೆ ಒಂದೇ ಮನೆ, ಸೊನ್ನೆ ಸೇರಿದ ಅಕ್ಷರಕ್ಕೂ ಒಂದೇ ಮನೆ. 'ಸಂಖ್ಯೆ' ಎರಡು ಮನೆಯ ಪದ: ಸಂ, ಖ್ಯೆ.

ಮೊದಲ ಸುಳಿವು:

ಈ ಪರಿ ಧಿಕ್ಕರಿಸಿದರೂ ಒಳಗೇ ಉಳಿದ ವೃತ್ತದ ಅಂಚು (3)

ಓದಿದಾಗ ಯಾರೋ ಯಾರನ್ನೋ ಬೈದು ಹೋದ ಹಾಗಿದೆ. ಆ ಕಥೆಯನ್ನು ನಂಬಬೇಡಿ. 'ಒಳಗೇ ಉಳಿದ' ಅಂದರೆ ಉತ್ತರ ಅಲ್ಲೇ ಅಡಗಿದೆ ಎಂದು ಅರ್ಥ. 'ಪರಿ' ಮತ್ತು 'ಧಿಕ್ಕರಿಸಿದರೂ' ಪದಗಳ ನಡುವಿನ ಜಾಗ ಅಳಿಸಿ ನೋಡಿ. ಪ, ರಿ, ಧಿ. ಉತ್ತರ ಪರಿಧಿ, ಅರ್ಥ 'ವೃತ್ತದ ಅಂಚು'. ಹೊಸಬರು ಇಂಥ ಅಡಗಿದ ಪದದಿಂದಲೇ ಶುರು ಮಾಡುವುದು ಒಳ್ಳೆಯದು, ಯಾಕೆಂದರೆ ಉತ್ತರ ಕಣ್ಣೆದುರೇ ಇರುತ್ತದೆ.

ಈ ಪರಿಧಿಯ ನಡುವಿನ ರಿ ಅಕ್ಷರದಲ್ಲಿ, ಮೇಲಿನಿಂದ ಕೆಳಕ್ಕೆ ಬರುವ ನಾಲ್ಕು ಮನೆಯ ಪದವೊಂದು ಕೊನೆಯಾಗುತ್ತದೆ ಅಂದುಕೊಳ್ಳಿ. ಅದರ ಸುಳಿವು:

ಹಾರವನ್ನು ಎಳೆದು ಸರಿ ಮಾಡಿದರೆ ಎಲ್ಲರಿಗೂ ಸಮಪಾಲು (4)

ಕೊನೆಯ ಅಕ್ಷರ ರಿ ಎಂದು ಗೊತ್ತಿದೆ. ಸುಳಿವಿನಲ್ಲಿ 'ಸರಿ' ಇದೆ. ಹಾಗಾದರೆ ಉತ್ತರದ ಬಾಲ 'ಸರಿ' ಇರಬಹುದು ಅಲ್ವಾ? ಉಳಿದದ್ದು ಎರಡು ಮನೆ. ಹಾರ ಅಂದರೆ ಸರ. 'ಎಳೆದು' ಅಂದರೆ ದೀರ್ಘ ಮಾಡು, ಸರ ಹೋಗಿ ಸರಾ ಆಗುತ್ತದೆ. ಸರಾ, ಸರಿ: ಸರಾಸರಿ. ಈಗ ಅರ್ಥದ ಬದಿ ತಾಳೆ ನೋಡಬೇಕು. 4, 7, 10 ಕೂಡಿದರೆ 21. ಮೂವರಿಗೂ ಸಮವಾಗಿ ಹಂಚಿದರೆ ತಲಾ 7. ಸರಾಸರಿ ಅಂದರೆ ಅದೇ, ಎಲ್ಲರಿಗೂ ಸಮಪಾಲು. ಎರಡೂ ಬದಿ ಕೂಡಿತು. ಹ್ರಸ್ವವನ್ನು ಎಳೆದು ದೀರ್ಘ ಮಾಡುವ ಈ ಆಟ ಕನ್ನಡ ಲಿಪಿಗೆ ಹೇಳಿ ಮಾಡಿಸಿದ ಹಾಗಿದೆ, ನನಗೆ ತುಂಬ ಇಷ್ಟ.

ಸರಾಸರಿಯ ಮೊದಲ ಸ ಅಕ್ಷರದಿಂದಲೇ ಎಡದಿಂದ ಬಲಕ್ಕೆ ಇನ್ನೊಂದು ಪದ ಹೊರಡುತ್ತದೆ:

ಬಾರಿಯೊಳಗೆ ವೋಟು ಹಾಕಿ, ಏರಿಳಿತ ಇಲ್ಲದ್ದು (4)

'ಒಳಗೆ' ಅಂದ ತಕ್ಷಣ ಎರಡು ಸಾಧ್ಯತೆ ಇಟ್ಟುಕೊಳ್ಳಿ. ಪದ ಅಡಗಿರಬಹುದು, ಇಲ್ಲವೇ ಒಂದು ಪದದ ಹೊಟ್ಟೆಗೆ ಇನ್ನೊಂದನ್ನು ತುರುಕಬೇಕಿರಬಹುದು. ಇಲ್ಲಿ ಎರಡನೆಯದು. ಬಾರಿ ಅಂದರೆ ಸಲ. ವೋಟು ಅಂದರೆ ಮತ. ಸ ಮತ್ತು ಲ ನಡುವೆ 'ಮತ' ಇಟ್ಟರೆ ಸಮತಲ. ಜ್ಯಾಮಿತಿಯ ಸಮತಲದಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ.

ಈ ಪದದಲ್ಲಿ ಇನ್ನೊಂದು ವಿಷಯ ಗಮನಿಸಿ. ಸ, ಮ, ತ, ಲ ಯಾವುದಕ್ಕೂ ಕೊಂಬು, ಗುಡಿಸು ಇಲ್ಲ. ಹಾಗಾಗಿ ಅಕ್ಷರ ಕಲಸಿದರೂ ಹೊಸ ಪದ ಹುಟ್ಟುತ್ತದೆ: 'ಸಲ ಮತ', 'ತಲ ಸಮ'. ಇಂಗ್ಲಿಷ್‌ನಲ್ಲಿ ಸ್ವರಗಳು ಬಿಡಿ ಬಿಡಿಯಾಗಿರುತ್ತವೆ, ಆದ್ದರಿಂದ ಅಲ್ಲಿ ಅಕ್ಷರ ಕಲಸುವ ಆಟ ಜಾಸ್ತಿ. ನಮ್ಮ ಅಕ್ಷರಕ್ಕೆ ಸ್ವರ ಅಂಟಿಕೊಂಡೇ ಇರುತ್ತದೆ. ಕಾಗುಣಿತ ಎಂಬ ಹೆಸರಿನಲ್ಲೇ ಗುಣಿಸುವ ಮಾತಿದೆ, ನೋಡಿ. 'ಪರಿಧಿ'ಯನ್ನು ಎಷ್ಟು ಕಲಸಿದರೂ ಏನೂ ಸಿಗುವುದಿಲ್ಲ. ಕನ್ನಡದಲ್ಲಿ ಅಕ್ಷರ ಕಲಸುವ ಸುಳಿವು ಇದೆ ಎಂಬ ಅನುಮಾನ ಬಂದರೆ, ಗುಣಿತ ಇಲ್ಲದ ಅಕ್ಷರಗಳ ಪದವನ್ನೇ ಮೊದಲು ಯೋಚಿಸಿ.

ಇಂಗ್ಲಿಷ್‌ನ ಮಾತು ಬಂದಾಗ ಅದರ ಒಂದು ಹಳೆಯ ರತ್ನವನ್ನು ಹೇಳಲೇಬೇಕು. 'ಇಲೆವನ್ ಪ್ಲಸ್ ಟೂ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಲಸಿ. 'ಟ್ವೆಲ್ವ್ ಪ್ಲಸ್ ಒನ್' ಬರುತ್ತದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಎರಡರ ಮೊತ್ತವೂ 13. ಅಕ್ಷರ ಎಣಿಸಿದರೂ 13. ಇದನ್ನು ಮೊದಲ ಸಲ ಎಣಿಸಿ ನೋಡಿದ ದಿನ ನನಗೆ ಬೇರೇನೂ ಓದಲು ಆಗಲಿಲ್ಲ.

ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು. ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಅದನ್ನು ಪ್ರಕಟಿಸಿದರು. ಅದು ನೇರ ಅರ್ಥದ ಆಟ. ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆಗೆ 1926ರಿಂದ 'ಟಾರ್ಕಿಮಾಡ' ಎಂಬ ಹೆಸರಿನಲ್ಲಿ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಕಟ್ಟಿದ ಪದಬಂಧಗಳಿಂದ ಪೂರ್ತಿ ಗೂಢ ಸುಳಿವುಗಳು ಬೇರೂರಿದವು. 1939ರಲ್ಲಿ ಅವರ ಜಾಗಕ್ಕೆ 'ಕ್ಸಿಮೆನೀಸ್' ಎಂಬ ಹೆಸರಿನ ಡೆರಿಕ್ ಮ್ಯಾಕ್‌ನಟ್ ಬಂದರು. ಸುಳಿವು ಎಷ್ಟೇ ಕಷ್ಟ ಇರಲಿ, ನ್ಯಾಯವಾಗಿರಬೇಕು ಎಂದು ಹಟ ಹಿಡಿದವರು ಅವರು. ಸರಿಯಾದ ಅರ್ಥ ಬೇಕು, ಸರಿಯಾದ ಅಕ್ಷರದಾಟ ಬೇಕು, ಬೇಡದ ಪದ ಒಂದೂ ಇರಬಾರದು. ಬಿಡಿಸುವವರಿಗೆ ಇದೇ ದೊಡ್ಡ ಆಸರೆ. ಸುಳಿವಿನ ಒಂದು ಪದಕ್ಕೆ ಕೆಲಸ ಸಿಗದೆ ಉಳಿದಿದ್ದರೆ, ನಿಮ್ಮ ಉತ್ತರ ಬಹುಪಾಲು ತಪ್ಪು.

ಅಂಥ ತಪ್ಪು ಹೇಗೆ ಆಗುತ್ತದೆ ಎಂದು ಈ ಸುಳಿವಿನಲ್ಲಿ ನೋಡೋಣ:

ದ್ರೌಪದಿಯ ಪರ ಸಭೆಯಲ್ಲಿ ಮಾತಾಡಿದವನು ಲಂಬಕೋನದ ಎದುರಿಗಿದ್ದಾನೆ (3)

ಮೊದಲ ಮನೆಯಲ್ಲಿ ವಿ ಬಂದಿದೆ ಅಂದುಕೊಳ್ಳಿ. ಮೂರು ಮನೆ, ವಿ ಇಂದ ಶುರು, ದ್ಯೂತಸಭೆಯಲ್ಲಿ ದ್ರೌಪದಿಯ ಪರ ನಿಂತವನು. ತಕ್ಷಣ ಕೈ 'ವಿದುರ' ಎಂದು ಬರೆಯುತ್ತದೆ. ಕಥೆ ಕೂಡುತ್ತದೆ, ಮನೆ ತುಂಬುತ್ತದೆ, ಮೊದಲಕ್ಷರವೂ ಸರಿ. ಆದರೆ 'ಲಂಬಕೋನದ ಎದುರಿಗೆ' ಎಂಬ ಮಾತಿಗೆ ಕೆಲಸವೇ ಇಲ್ಲ. ಅಲ್ಲಿ ನಿಲ್ಲಬೇಕು. ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಎದುರಿಗಿರುವ ಬಾಹು ಯಾವುದು? ಪೈಥಾಗೊರಸ್ ಪ್ರಮೇಯದಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ವಿಕರ್ಣ. ಕೌರವರ ನೂರು ಜನ ಅಣ್ಣತಮ್ಮಂದಿರಲ್ಲಿ ಆ ಸಭೆಯಲ್ಲಿ ದ್ರೌಪದಿಯ ಪರವಾಗಿ ಎದ್ದು ಮಾತಾಡಿದವನ ಹೆಸರೂ ವಿಕರ್ಣ. ಇಲ್ಲಿ ಅಕ್ಷರದಾಟವೇ ಇಲ್ಲ. ಎರಡು ಅರ್ಥ, ಒಂದೇ ಪದ.

ಇನ್ನೂ ಅನುಮಾನ ಇದ್ದರೆ ಅಡ್ಡ ಹಾಯುವ ಪದ ಬಿಡಿಸಿ. ವಿಕರ್ಣದ ನಡುವಿನ ಅಕ್ಷರದಿಂದ ಕೆಳಕ್ಕೆ ಇಳಿಯುವ ಸುಳಿವು ಇದು:

ಹೊಲದಲ್ಲಿ ಬೇಡ, ಮುಖದಲ್ಲಿ ಬೇಕು, ಲೆಕ್ಕದಲ್ಲಿ ಕಡಿಮೆ ಮಾಡು (2)

ಇದಕ್ಕೆ ಮೂರು ಅರ್ಥ. ಹೊಲದ ಕಳೆ, ಮುಖದ ಕಳೆ, ಹತ್ತರಲ್ಲಿ ಮೂರು ಕಳೆ. ಮೊದಲಕ್ಷರ ಕ. ವಿದುರ ಆಗಿದ್ದರೆ ಅಲ್ಲಿ ದು ಇರಬೇಕಿತ್ತು. ವಿಷಯ ಇತ್ಯರ್ಥವಾಯಿತು. ಗಣಿತದಲ್ಲಿ ಉತ್ತರವನ್ನು ಸಮೀಕರಣಕ್ಕೆ ಹಾಕಿ ಪರೀಕ್ಷಿಸುವ ಹಾಗೆಯೇ ಇದು. ಪೆನ್ಸಿಲಿನಲ್ಲಿ ಬರೆದ ಉತ್ತರ, ಅಡ್ಡ ಪದ ಒಪ್ಪಿದ ಮೇಲೆ ಪೆನ್ನಿಗೆ ಬರಲಿ.

ಗಣಿತದ ಪದಗಳು ಈ ಆಟಕ್ಕೆ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣ, ಅವು ಗಣಿತದಲ್ಲಿ ಹುಟ್ಟಿದವಲ್ಲ. ದಿನದ ಮಾತಿನಿಂದ ಎರವಲು ಬಂದವು. ಮೂಲ, ಪದ, ಅಂಕ, ಸೂತ್ರ, ವರ್ಗ ಎಲ್ಲಕ್ಕೂ ಹೊರಗೆ ಇನ್ನೊಂದು ಬಾಳು ಇದೆ. ಅಂಕಿಗಳೂ ಹಾಗೇ. 'ಏಳು' ಅಂದರೆ 7, ಮಲಗಿದವರನ್ನು ಎಬ್ಬಿಸುವ ಮಾತು ಕೂಡ. 'ಹತ್ತು' ಅಂದರೆ ಮೆಟ್ಟಿಲನ್ನೂ ಹತ್ತಬಹುದು. ಸುಳಿವಿನಲ್ಲಿ 'ಮೇಲೇರು' ಎಂದು ಕಂಡರೆ 10 ನೆನಪಿಗೆ ಬರಲಿ.

ಹಾಗೆಂದು ಅಂಕಿ ಕಂಡ ಕೂಡಲೇ ಲೆಕ್ಕಕ್ಕೆ ಕೂರಬೇಡಿ. ನೋಡಿ:

ತಲೆ ಹೋದ ಶಾಕ್ ಎರಡನ್ನು ಎಂಟು ಮಾಡುತ್ತದೆ (2)

ಆರು ಕೂಡಬೇಕಾ, ನಾಲ್ಕರಿಂದ ಗುಣಿಸಬೇಕಾ ಎಂದು ಹೊರಟರೆ ದಾರಿ ತಪ್ಪುತ್ತದೆ. 'ತಲೆ ಹೋದ' ಅಂದರೆ ಮೊದಲಕ್ಷರ ಬಿಡು. ಶಾಕ್ ಅಂದರೆ ಆಘಾತ. ಆ ಬಿಟ್ಟರೆ ಘಾತ. ಎರಡರ ಮೂರನೆಯ ಘಾತ ಎಂಟು.

ಇನ್ನೊಂದು:

ಒಡೆದ ಸಿಂಹವೋ ಕನ್ಯೆಯೋ, ಅರ್ಧ ಇರಬಹುದು (4)

ಗೂಢ ಪದಬಂಧದಲ್ಲಿ 'ಅರ್ಧ' ಬಂದರೆ ಯಾವುದೋ ಪದವನ್ನು ಅರ್ಧ ಕತ್ತರಿಸು ಎಂಬ ಸೂಚನೆ ಇರುವುದುಂಟು. ನಾನು ಬೇಕೆಂದೇ ಆ ಬಲೆ ಹಾಕಿದ್ದೇನೆ. ಇಲ್ಲಿ ಅದೇ ಅರ್ಥದ ಬದಿ. ಒಡೆದ ವಿಗ್ರಹಕ್ಕೆ ಭಿನ್ನವಾಗಿದೆ ಅನ್ನುತ್ತೇವೆ, ಆದ್ದರಿಂದ ಒಡೆದ ಅಂದರೆ ಭಿನ್ನ. ಸಿಂಹವೋ ಕನ್ಯೆಯೋ ಅಂದರೆ ರಾಶಿ. ಭಿನ್ನರಾಶಿ. ಅರ್ಧ ಅದಕ್ಕೊಂದು ಉದಾಹರಣೆ ಅಷ್ಟೇ, ಅದಕ್ಕೇ 'ಇರಬಹುದು'. ಈ ಸಣ್ಣ ಪದ ಇಲ್ಲದಿದ್ದರೆ ಸುಳಿವು ನ್ಯಾಯವಾಗುತ್ತಿರಲಿಲ್ಲ.

ಸ್ವಲ್ಪ ಮುಂದುವರಿದವರು ಭೂತಸಂಖ್ಯೆಯನ್ನೂ ಕಲಿತಿಟ್ಟುಕೊಳ್ಳಿ. ಹಳೆಯ ಗಣಿತ, ಜ್ಯೋತಿಷ ಗ್ರಂಥಗಳಲ್ಲಿ ಅಂಕಿಗೆ ಬದಲು ವಸ್ತುವಿನ ಹೆಸರು ಹೇಳುತ್ತಿದ್ದರು. ಕಣ್ಣು 2, ವೇದ 4, ಬಾಣ 5, ಋತು 6. ಓದುವ ಕ್ರಮ ಮಾತ್ರ ಹಿಂದುಮುಂದು: ಮೊದಲು ಹೇಳಿದ್ದು ಬಿಡಿ ಸ್ಥಾನಕ್ಕೆ ಹೋಗುತ್ತದೆ. 'ವೇದ ಬಾಣ' ಅಂದರೆ 45 ಅಲ್ಲ, 54. ಗೂಢ ಸುಳಿವಿಗೆ ಇದಕ್ಕಿಂತ ಒಳ್ಳೆಯ ಗಣಿ ಇಲ್ಲ.

ಅಭ್ಯಾಸಕ್ಕೆ ಎರಡನ್ನು ಉತ್ತರ ಹೇಳದೆ ಬಿಡುತ್ತೇನೆ. ಮೊದಲನೆಯದಕ್ಕೆ ವಿಕರ್ಣನ ದಾರಿಯೇ ಸಾಕು. ಎರಡನೆಯದರಲ್ಲಿ 'ತಲೆ' ಎರಡು ಸಲ ಬಂದಿದೆ, ಎರಡಕ್ಕೂ ಕೆಲಸ ಬೇರೆ ಬೇರೆ.

ಮಹಾಭಾರತ ಹೇಳಿದವರು ವೃತ್ತದ ನಡುವೆ ಹಾದುಹೋದರು (2)

ಅದಿರು ತೆಗೆಯುವ ಜಾಗದ ಮುಂದೆ ತಲೆಯ ತಲೆ, ಲೆಕ್ಕದವರ ಶಾಸ್ತ್ರ (3)